ಮಕ್ಕಳ ಊಟದ ಪೆಟ್ಟಿಗೆ

‘ಹ್ಯಾಂಬರ್ಗರ್’ ಎಂಬುದು ಜರ್ಮನಿಯ ಹ್ಯಾಂಬರ್ಗ್ ನಗರದ ಹೆಸರಿನಿಂದಾದ ತದ್ಧಿತಾಂತ ಪದವು. ಅಮೆರಿಕನ್ನರು ಅದನ್ನು ನಡುವೆ ಕಡಿದು ‘ಬರ್ಗರ್’ ಮಾಡಿಕೊಂಡರು. ವೈಯಾಕರಣರಿಗೆ ಇದು ಸಹ್ಯವಲ್ಲ, ಹಸಿದವರಿಗೆ ಬಾಧಕವಿಲ್ಲ.

ಇಂಡಿಯಾನಾಪೊಲಿಸ್ ನಗರದಲ್ಲಿ ಅಡಿಗೆಯ ಯಂತ್ರಗಳನ್ನು ತಯಾರಿಸುತ್ತಿದ್ದ ಥಾಮಸ್ ಸೋದರರು 1950ರ ದಶಕದಲ್ಲಿ ‘ಬರ್ಗರ್ ಷೆಫ್’ ಎಂಬ ಉಪಾಹಾರಗೃಹವನ್ನು ತೆರೆದರು. ಬನ್ನಿನೊಳಗಿಡುವ ಮಾಂಸದ ಬಿಲ್ಲೆಯನ್ನು ಯಂತ್ರವೇ ಉರಿಯಲ್ಲಿ ಸುಟ್ಟು ಕೊಡುತ್ತಿದ್ದಿತು. 1968ರಲ್ಲಿ ಜನರಲ್ ಫುಡ್ಸ್ ಕಂಪೆನಿಯವರು ಅದನ್ನು ಕೊಂಡರು. ಶಾಖೆಗಳು ಸಾವಿರವನ್ನು ಮೀರಿದವು.

1973ರಲ್ಲಿ ಬಾಲಕರಿಗೆಂದೇ ಊಟವನ್ನೂ ಪುಟ್ಟ ಆಟಿಕೆಯನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮೇಲೆ ಕಥೆ ಒಗಟುಗಳನ್ನು ಅಚ್ಚುಹಾಕಿಸಿ, ‘ಫನ್‌ಮೀಲ್’ ಎಂದು ಮಾರಿದರು. ಉಣ್ಣಲೊಲ್ಲದ ಮಗುವನ್ನು ಬಲ್ಲ ಗೃಹಿಣಿಯರು ಈ ಯುಕ್ತಿಯನ್ನು ಮೆಚ್ಚದಿರಲಾರರು. 1979ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ‘ಹ್ಯಾಪಿ ಮೀಲ್’ ಹೊರಡಿಸಲು, ಇವರು ನ್ಯಾಯಸ್ಥಾನಕ್ಕೆ ಹೋಗಿ ಸೋತರು. 1982ರಲ್ಲಿ ಸಂಸ್ಥೆಯು ಹಾರ್ಡೀಸ್‌ನ ಒಡೆಯರ ಪಾಲಾಯಿತು. 1996ರಲ್ಲಿ ಕಡೆಯ ಅಂಗಡಿಯೂ ಮುಚ್ಚಿತು. ಎದುರಾಳಿಯ ಪೆಟ್ಟಿಗೆ ಇಂದಿಗೂ ಮಾರಾಟವಾಗುತ್ತಿದೆ.