ಮೇಲಿನ ನೀರು, ಕೆಳಗಿನ ನೀರು

ಮೆಸ್ ಹಿಂದಿನ ಹಳೇ ತೆರೆದ ಬಾವಿ ನೋಡಿದ್ದೀರಲ್ವಾ? ಹೋದ ಬೇಸಿಗೇಲಿ ಅದರ ಹತ್ತಿರವೇ ಹೊಸ ಬೋರ್‌ವೆಲ್ ಕೊರೆಸಿದ ಮೇಲೆ ಬಾವಿ ನೀರು ಇಳೀತಾ ಹೋಯ್ತು. ಕೇಳಿದ್ರೆ, "ಬೋರ್ ನೀರು ಬಂಡೆಯಿಂದ ಬರೋದು, ಬಾವಿ ನೀರು ಮಣ್ಣಿಂದ. ಮೇಲಿನ ಪದರಕ್ಕೆ ಕೇಸಿಂಗ್ ಪೈಪ್ ಹಾಕಿದ್ದೀವಿ, ಎರಡಕ್ಕೂ ಸಂಬಂಧ ಇಲ್ಲ" ಅಂದ್ರು. ಬಾವಿ ಬರೀ ಬಿಸಿಲಿಗೇ ಇಳಿದಿರಬಹುದು, ಅದು ಬೇರೆ ಮಾತು. ಆದರೆ "ಸಂಬಂಧ ಇಲ್ಲ" ಅನ್ನೋದನ್ನ ಮಾತ್ರ ನಾವು, ಸಿವಿಲ್ ಸೆಕೆಂಡ್ ಇಯರ್‌ನ ನಾಲ್ಕು ಜನ, ಒಪ್ಪಲ್ಲ.

ಬೆಂಗಳೂರು, ಕೋಲಾರದ ಕಡೆ ನಮ್ಮ ಕಾಲ ಕೆಳಗಿರೋದು ಎರಡು ಪದರ. ಮೇಲೆ, ಕಲ್ಲು ಶಿಥಿಲವಾಗಿ ಆದ ಮಣ್ಣು. ಅದು ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತೆ. ಕೆಳಗೆ ಗಟ್ಟಿ ನೈಸ್ ಬಂಡೆ. ಅದರಲ್ಲಿ ನೀರಿರೋದು ಬಿರುಕುಗಳಲ್ಲಿ ಮಾತ್ರ, ಅದೂ ಸ್ವಲ್ಪವೇ. ಅಂದ್ರೆ ಮೇಲಿನದು ಟ್ಯಾಂಕ್, ಕೆಳಗಿನದು ಬರೀ ಪೈಪು. ಕೇಸಿಂಗ್ ಮುಚ್ಚೋದು ಆರಿಂಚಿನ ಒಂದು ತೂತಿನ ಗೋಡೆಯನ್ನ. ಅದರಾಚೆ ನೂರಾರು ಮೀಟರ್ ಉದ್ದಕ್ಕೂ ಎರಡು ಪದರ ಒಂದಕ್ಕೊಂದು ಅಂಟಿಕೊಂಡೇ ಇವೆ.

ಸೀನಿಯರ್ಸ್ ನೋಟ್ಸ್‌ನಲ್ಲಿ ಸಿಗೋದು 1935ರ ಥೈಸ್ ಸೂತ್ರ. ಲೋಹದಲ್ಲಿ ಶಾಖ ಹರಿಯೋ ಗಣಿತವನ್ನೇ ನೀರಿಗೆ ತಂದದ್ದು, ನಿಜಕ್ಕೂ ಚೆನ್ನಾಗಿದೆ. ಆದರೆ ಅದರಲ್ಲಿ ಪದರ ಒಂದೇ, ಎಲ್ಲ ಕಡೆ ಒಂದೇ ದಪ್ಪ, ಕೊನೆಯೇ ಇಲ್ಲ, ಮೇಲಿಂದ ಒಂದು ಹನಿಯೂ ಇಳಿಯಲ್ಲ. 1955ರಲ್ಲಿ ಹಂಟುಶ್ ಮತ್ತು ಜೇಕಬ್ ಆ ಹನಿಯನ್ನು ಸೇರಿಸಿದರು. ಪಂಪು ಕೆಳಗಿನ ಒತ್ತಡ ಇಳಿಸಿದರೆ, ನಡುವಿನ ಬಿಗಿ ಪದರದ ಮೂಲಕ ಮೇಲಿನ ನೀರು ನಿಧಾನಕ್ಕೆ ಜಿನುಗುತ್ತೆ.

ಎಷ್ಟು ಜಿನುಗುತ್ತೆ ಅಂತ ಒಂದು ರಾತ್ರಿ ಲೆಕ್ಕ ಹಾಕಿದ್ವಿ. ಅಂಕಿಗಳು ನಾವೇ ಊಹಿಸಿಕೊಂಡವು: ಕೆಳಪದರದ ಟ್ರಾನ್ಸ್‌ಮಿಸಿವಿಟಿ ದಿನಕ್ಕೆ 10 ಚದರ ಮೀಟರ್, ನಡುವೆ 10 ಮೀಟರ್ ದಪ್ಪದ ಬಿಗಿ ಮಣ್ಣು, ಅದರ ವಾಹಕತೆ ದಿನಕ್ಕೆ ಒಂದೇ ಮಿಲಿಮೀಟರ್. ನಿಲ್ಲಿಸದೆ ಪಂಪ್ ಮಾಡಿ ಎಲ್ಲ ಸ್ಥಿರವಾದ ಮೇಲೆ, ಬೋರ್‌ನಿಂದ ಬರೋ ನೀರೆಲ್ಲಾ ಮೇಲಿಂದ ಜಿನುಗಿದ್ದೇ! ಅದರಲ್ಲಿ ಸುಮಾರು ಶೇ. 40 ಪಾಲು 316 ಮೀಟರ್ ಒಳಗಿಂದ, ಶೇ. 72 ಪಾಲು 632 ಮೀಟರ್ ಒಳಗಿಂದ. ದಿನಕ್ಕೆ ಒಂದು ಮಿಲಿಮೀಟರ್ ಅಂದ್ರೆ ಏನೂ ಅಲ್ಲ ಅನ್ಸುತ್ತೆ, ಆದರೆ ಜಿನುಗೋ ಜಾಗ ಎಷ್ಟು ದೊಡ್ಡದು ನೋಡಿ. ಬಾವಿ ಇರೋದು ಬೋರ್‌ನಿಂದ ಅರವತ್ತು ಹೆಜ್ಜೆ ದೂರ.

ಇಲ್ಲೂ ಒಂದು ಮೋಸ ಇದೆ. ಮೇಲಿನ ನೀರಿನ ಮಟ್ಟ ಇಳಿಯೋದೇ ಇಲ್ಲ ಅಂತ ಈ ಸೂತ್ರ ಅಂದ್ಕೊಂಡಿದೆ. ನಮಗೆ ಬೇಕಾದ ಪ್ರಶ್ನೆಯೇ ಅದು! ಹಾಗಾಗಿ ಪ್ರತಿ ಪದರಕ್ಕೂ ಅದರದೇ ನೀರಿನ ಮಟ್ಟ ಲೆಕ್ಕ ಹಾಕೋ ಮಾಡೆಲ್ ಬೇಕು. ಮಾಡ್‌ಫ್ಲೋ ಅದನ್ನ ಮಾಡುತ್ತೆ, ಪುಕ್ಕಟೆ ಸಿಗುತ್ತೆ, ನಮ್ಮ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಬಿರುಕು ಬಂಡೆಗೆ ಅದೂ ಪೂರ್ತಿ ಹೊಂದಲ್ಲ ಅಂತ ಗೊತ್ತು. ಆದರೂ ಎರಡು ಪದರದ ಒರಟು ಮಾಡೆಲ್, "ಸಂಬಂಧ ಇಲ್ಲ" ಅನ್ನೋ ಮಾತಿಗಿಂತ ಸಾವಿರ ಪಾಲು ವಾಸಿ.

ಇನ್ನೊಂದು ಬೋರ್ ಕೊರೆಸೋ ಮಾತು ಮತ್ತೆ ಕೇಳಿಬರ್ತಿದೆ, ಈ ಸಲ ಇನ್ನೂ ಆಳಕ್ಕಂತೆ. ಅದಕ್ಕೂ ಮೊದಲು, ಇರೋ ಬೋರನ್ನ ಮೂರು ದಿನ ಒಂದೇ ವೇಗದಲ್ಲಿ ಓಡಿಸಿ, ಬೋರ್ ಮತ್ತು ಬಾವಿ ಎರಡರಲ್ಲೂ ಗಂಟೆಗಂಟೆಗೆ ನೀರಿನ ಮಟ್ಟ ಬರೆಯೋಣ. ಹೆಚ್ಚು ದಿನ ಬೇಕಾಗಬಹುದು, ಜಿನುಗೋದು ನಿಧಾನ. ಬಾವಿಗೆ ಟೇಪು, ಬೋರ್‌ಗೆ ಸರ್ವೇ ಲ್ಯಾಬಿನಲ್ಲಿ ಧೂಳು ಹಿಡಿದು ಕೂತಿರೋ ವಾಟರ್ ಲೆವೆಲ್ ಮೀಟರ್ ಸಾಕು. ರಾತ್ರಿ ಪಾಳಿಗೆ ನಾವು ನಾಲ್ಕೂ ಜನ ರೆಡಿ. ಇನ್ನೂ ಎಂಟು ಜನ ಬೇಕು. ಮೆಕ್ಯಾನಿಕಲ್‌ನೋರು ಬಂದ್ರೂ ಪರವಾಗಿಲ್ಲ, ಟೀ ನಮ್ಮದು.