ಆಕ್ಸಿಜನ್ ಚೇಂಬರ್ ಆಮೇಲೆ, ಮೊದಲು ಚಪ್ಪಲಿ ನೋಡಿ (ಶುಗರ್ ಮತ್ತು ಕಾಲು, ಭಾಗ 3)

ಆ ರೀಲ್ ನೀವೂ ನೋಡಿರ್ತೀರಿ. ಗಾಜಿನ ಕೊಳವೆ ಥರದ ಚೇಂಬರ್, ಒಳಗೆ ಮಲಗಿರೋ ಅಜ್ಜ, 'ಮೊದಲು', 'ನಂತರ' ಅಂತ ಪಾದದ ಎರಡು ಫೋಟೊ. ನಮ್ಮ ದೊಡ್ಡಪ್ಪನಿಗೆ ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿ ಮೂರು ತಿಂಗಳು. ನಮ್ಮನೆ ಗ್ರೂಪಿಗೂ ಅದೇ ರೀಲ್ ಬಂತು, ಜೊತೆಗೆ 40 ಸೆಷನ್ ಪ್ಯಾಕೇಜಿನ ರೇಟು. ಅದಕ್ಕೇ ಈ ಜಗಳ.

ಎರಡು ಫೋಟೊ ಪುರಾವೆ ಅಲ್ಲ ಕಣ್ರೋ. ಆ ಎರಡರ ನಡುವೆ ಡ್ರೆಸ್ಸಿಂಗ್ ಆಗಿರುತ್ತೆ, ಆಂಟಿಬಯಾಟಿಕ್ ಕೊಟ್ಟಿರ್ತಾರೆ, ಶುಗರ್ ಹಿಡಿತಕ್ಕೆ ಬಂದಿರುತ್ತೆ. ಹುಣ್ಣು ಮಾಯ್ದಿದ್ದು ಯಾವುದರಿಂದ, ಹೇಳಿ ನೋಡೋಣ?

ಇದನ್ನ ಪತ್ತೆ ಹಚ್ಚೋಕೆ ದಾರಿ ಇದೆ. ಸ್ವೀಡನ್ನಿನಲ್ಲಿ 94 ಜನರನ್ನ ಎರಡು ಗುಂಪು ಮಾಡಿದ್ರು. ಎಲ್ಲರಿಗೂ ಚೇಂಬರ್ರೇ, ಆದ್ರೆ ಒಂದು ಗುಂಪಿಗೆ ಆಕ್ಸಿಜನ್, ಇನ್ನೊಂದಕ್ಕೆ ಒತ್ತಡದಲ್ಲಿ ಮಾಮೂಲಿ ಗಾಳಿ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 2010ರಲ್ಲಿ ಬಂದ ಫಲಿತಾಂಶ: ವರ್ಷದೊಳಗೆ ಹುಣ್ಣು ಮಾಯ್ದಿದ್ದು ಆಕ್ಸಿಜನ್ ಗುಂಪಲ್ಲಿ 52%, ಗಾಳಿ ಗುಂಪಲ್ಲಿ 29%. ಆ 29% ಜನರ ಫೋಟೊ ಹಾಕಿದ್ರೂ ಒಳ್ಳೇ ರೀಲ್ ಆಗ್ತಿತ್ತಲ್ವಾ!

ಇಲ್ಲಿಗೇ ನಿಲ್ಲಿಸಿದ್ರೆ ಆಕ್ಸಿಜನ್ನಿಗೇ ಗೆಲುವು. ಆದ್ರೆ ಕೆನಡಾದಲ್ಲಿ ಹೀಗೇ ಗುಟ್ಟಾಗಿಟ್ಟು 103 ಜನರ ಮೇಲೆ ಮಾಡಿದ ಪರೀಕ್ಷೆ (2016) ವ್ಯತ್ಯಾಸವನ್ನೇ ಕಾಣಲಿಲ್ಲ. 2018ರ ಡಚ್ ಪರೀಕ್ಷೆಯಲ್ಲಿ 120 ಜನ, ಎಲ್ಲರದೂ ರಕ್ತ ಓಡಾಟ ಕಮ್ಮಿಯಾದ ಕಾಲು. ಅಲ್ಲೂ ಖಚಿತ ಲಾಭ ಸಿಗಲಿಲ್ಲ. ಆಕ್ಸಿಜನ್ ಗುಂಪಿನ ಮೂರರಲ್ಲೊಬ್ಬರು ಕೋರ್ಸೇ ಮುಗಿಸಲಿಲ್ಲ. ದಿನಾ ಹೋಗಿ ಬರೋದು ಕಾಲು ಸರಿಯಿರೋರಿಗೇ ಕಷ್ಟ.

ಹಾಗಂತ ಪೂರ್ತಿ ಮೋಸ ಅಂತ ನಾನಂತಿಲ್ಲ. ರಕ್ತ ಓಡಾಟ ಕಮ್ಮಿ ಇದ್ದು, ಮಾಮೂಲಿ ಚಿಕಿತ್ಸೆ ಕೈಕೊಟ್ಟು, ಸೌಲಭ್ಯವೂ ಇದ್ರೆ ಜೊತೆಗೆ ಇದನ್ನೂ ಯೋಚಿಸಿ ಅಂತ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿನೇ ಹೇಳುತ್ತೆ. ಮೊದಲ ದಿನವೇ ಪ್ಯಾಕೇಜ್ ಕಟ್ಟಿ ಅಂತ ಹೇಳಲ್ಲ.

ದೊಡ್ಡಪ್ಪನ ಕಾಲಿನ ರಕ್ತ ಓಡಾಟವನ್ನ ಯಾರೂ ಅಳೆದೇ ಇರಲಿಲ್ಲ. ಅವರೋ, ದಿನಾ ಅದೇ ಸವೆದ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಹುಣ್ಣಿನ ಮೇಲೇ ಭಾರ ಬಿಟ್ಟು ಡೈರಿಗೆ ಹಾಲು ಹಾಕಿ ಬರ್ತಿದ್ರು. ಸ್ಪರ್ಶವೇ ಇಲ್ಲದ ಪಾದ, ನೋವೆಲ್ಲಿಂದ ಬರಬೇಕು? ಆ ಭಾರ ಇಳಿಸೋ ಪ್ಲಾಸ್ಟರ್ ಕಾಸ್ಟ್ ಬಗ್ಗೆ ಒಬ್ಬರಾದ್ರೂ ರೀಲ್ ಮಾಡಿದ್ದಾರಾ?

ಪ್ಯಾಕೇಜ್ ಫಾರ್ವರ್ಡ್ ಮಾಡೋರಿಗೆ ಕೇಳಿ: ರಕ್ತ ಓಡಾಟ ಅಳೆದ್ರಾ? ಕಾಲಿನ ಭಾರ ಇಳಿಸಿದ್ರಾ? ಉತ್ತರ ಬಂದ್ರೆ ಸ್ಕ್ರೀನ್‌ಶಾಟ್ ನನಗೆ ಡಿಎಂ ಮಾಡಿ. ಭಾಗ 4ರಲ್ಲಿ ಕಾಸ್ಟ್ ಕಥೆ.

#ಶುಗರ್‌ಕಾಲು