ಪಡಸಾಲೆಗೊಂದು ಹಳೆಯ ಟೀಪಾಯಿ



ಮನೆಗೆ ಬೀಗರು ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಚಹಾದ ಟ್ರೇ ಹಿಡಿದು ಪಡಸಾಲೆಗೆ ಬರುತ್ತೀರಿ. ಇಡುವುದೆಲ್ಲಿ? ಮಗನಿಗೆ ಕಣ್ಣಲ್ಲೇ ಸನ್ನೆ ಮಾಡಿ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ತರಿಸುತ್ತೀರಿ. ಅದರ ಮೇಲೊಂದು ಟವೆಲ್ಲು ಬೇರೆ! ಸಿಂಧನೂರಿನ ನಮ್ಮ ಮನೆಯಲ್ಲಿ ವರ್ಷಾನುಗಟ್ಟಲೆ ಇದೇ ನಡೆದಿತ್ತು. ಮಗಳ ಮದುವೆಯಾಗಿ ಹೊಸ ಬೀಗರ ಓಡಾಟ ಶುರುವಾದ ಮೇಲೆ ನನಗೇ ನಾಚಿಕೆಯಾಗಿ, ಒಂದು ಟೀಪಾಯಿ ತರಲೇಬೇಕು ಅಂತ ನಿಶ್ಚಯಿಸಿದೆ. ಗಾಜಿನದು ಬೇಡ, ನಮ್ಮೂರ ಧೂಳಿಗೆ ದಿನಕ್ಕೆ ನಾಲ್ಕು ಸಲ ಒರೆಸಬೇಕು. ಹಳೆಯ ಕಾಲದ ಕಟ್ಟಿಗೆಯದೇ ಇರಲಿ ಅಂದುಕೊಂಡೆ.

ಚೀಟಿ ಎತ್ತಿದ ದುಡ್ಡಿನಲ್ಲಿ ನಾಲ್ಕು ಸಾವಿರ ಕೊಟ್ಟು, ಬೇರೆ ಊರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡೆ. “ನೂರು ವರ್ಷದ ಸಾಗವಾನಿ ಅಕ್ಕಾರ, ಆಂಟಿಕ್ ಪೀಸು” ಅಂದ ಅಂಗಡಿಯವ. (ನನ್ನ ತವರು ಮಸ್ಕಿ. 1915ರಲ್ಲಿ ಅಲ್ಲಿನ ಬಂಡೆಯ ಮೇಲೆ ಸಿಕ್ಕಿದ್ದು ಅಶೋಕನ ಶಾಸನ. ಅಂಥ ಊರಿನ ಹೆಣ್ಣುಮಗಳು ಹಳೆಯದು ಅನ್ನೋ ಒಂದು ಮಾತಿಗೆ ಮರುಳಾದೆ ನೋಡಿ!) ಕೆತ್ತನೆಯ ಕಾಲು, ಮುಖ ಕಾಣುವಂಥ ಹೊಳಪು. ಮೇಲೆ ನೋಡಿದೆ, ಬೋರಲು ಹಾಕಿ ಹೊಟ್ಟೆ ನೋಡಲಿಲ್ಲ.

ಕೆಲವು ತಿಂಗಳಾದ ಮೇಲೆ ಅದರ ಕಾಲಬುಡದಲ್ಲಿ ಜೋಳದ ಹಿಟ್ಟಿನಂಥ ನುಣುಪು ಪುಡಿ ಬೀಳತೊಡಗಿತು. ನಾನು ದಿನಾ ಗುಡಿಸಿದೆ, ಅಷ್ಟೇ. ಏನು ಎತ್ತ ಅಂತ ಕೇಳಲಿಲ್ಲ. ಇದು ನನ್ನದೇ ತಪ್ಪು, ಯಾರ ಮೇಲೂ ಹಾಕುವುದಿಲ್ಲ.

ಈ ವರ್ಷ ಮಗಳು ಬಸುರಿಯೆಂಬ ಸುದ್ದಿ ಬಂತು. ಪಡಸಾಲೆಯ ಮೂಲೆಯಲ್ಲಿ, ಟೀಪಾಯಿಯ ಮಗ್ಗುಲಲ್ಲೇ, ಬಟ್ಟೆ ಮುಚ್ಚಿ ಇಟ್ಟಿದ್ದ ತೊಟ್ಟಿಲನ್ನು ಅತ್ತೆಯವರು ತೆಗೆಸಿದರು. ನಮ್ಮನೆಯವರು, ಆಮೇಲೆ ನನ್ನ ಎರಡು ಮಕ್ಕಳು ಮಲಗಿದ ತೊಟ್ಟಿಲು. ಒಂದು ಬದಿಯ ಹಲಗೆಯ ತುಂಬಾ ಸೂಜಿಮೊನೆಯಷ್ಟು ತೂತುಗಳು. ಅಲುಗಾಡಿಸಿದರೆ ಅದೇ ಹಿಟ್ಟು. ಅತ್ತೆಯವರು ಏನೂ ಅನ್ನಲಿಲ್ಲ. ತೂತುಗಳ ಮೇಲೆ ಬೆರಳಾಡಿಸಿ ಒಳಗೆ ಹೋದರು. ಅಂದಿದ್ದರೇ ಚಲೋ ಇತ್ತು.

ಬಡಿಗೇರರನ್ನು ಕರೆಸಿದೆವು. ಟೀಪಾಯಿ ಬೋರಲು ಹಾಕಿ ಉಗುರಿನಿಂದ ಕೆರೆದು, “ಇದು ಸಾಗವಾನಿ ಅಲ್ರೀ ಯವ್ವ. ಹಗುರ ಕಟಿಗಿಗೆ ಬಣ್ಣ ಹಚ್ಯಾರ. ಕುಟ್ಟೆ ಹುಳ ಇದರೊಳಗಿಂದನ ಬಂದಾವು” ಅಂದರು. ಮರದ ನಡುವಿನ ಚೇಗು ಗಟ್ಟಿ, ಅದಕ್ಕೆ ಈ ಹುಳ ಸುಲಭಕ್ಕೆ ಬಾಯಿ ಹಾಕುವುದಿಲ್ಲವಂತೆ. ತೊಗಟೆಯ ಕಡೆಯ ಬಿಳಿ ಭಾಗವೆಂದರೆ ಅದಕ್ಕೆ ಹಬ್ಬದೂಟ. ತೊಟ್ಟಿಲಿನ ಆ ಹಲಗೆಯಲ್ಲಿ ಬಿಳಿ ಭಾಗವೇ ಹೆಚ್ಚಿತ್ತು.

ಆದ್ದರಿಂದ ಸೋದರಿಯರೇ, ಹಳೆಯ ಟೀಪಾಯಿ ಕೊಳ್ಳುವಾಗ ನಾಚಿಕೆ ಬಿಟ್ಟು ಅದನ್ನು ಬೋರಲು ಹಾಕಿಸಿ. ನಿಜವಾಗಿ ಹಳೆಯದಾದರೆ ಅಡಿಭಾಗ ಒಂದೇ ಸಮನೆ ಬಣ್ಣ ಹಚ್ಚಿದಂತಿರದೆ, ಗಾಳಿ ಬೆಳಕು ಆಡಿದಲ್ಲಿ ಕಪ್ಪಾಗಿ, ಉಳಿದಲ್ಲಿ ತಿಳಿಯಾಗಿ ಇರುತ್ತದೆ. ಗರಗಸದ ಗೆರೆ ನೇರವಾಗಿದ್ದರೆ ಕೈಗರಗಸದ್ದಿರಬಹುದು, ಬಿಲ್ಲಿನಂತೆ ಬಾಗಿದ್ದರೆ ಯಂತ್ರದ್ದು. ದುಂಡು ಹಲಗೆಯಾದರೆ ರವಿಕೆ ಅಳೆಯುವ ಟೇಪು ತೆಗೆದು ಎರಡೂ ಕಡೆ ಅಳೆಯಿರಿ. ಕಟ್ಟಿಗೆ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು ಕುಗ್ಗುತ್ತದೆ, ಹೀಗಾಗಿ ಬಹಳ ವರ್ಷದ ದುಂಡು ಹಲಗೆ ಒಂದು ಕೂದಲೆಳೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ತೂತು ಕಂಡರೂ ಗಾಬರಿ ಬೇಡ. ಒಳಗೆ ಕಪ್ಪಾಗಿದ್ದರೆ ಹಳೆಯ ಗಾಯ. ಬೆಳ್ಳಗಿದ್ದು ಹಿಟ್ಟು ಉದುರಿದರೆ ಹುಳ ಒಳಗಿದೆ ಅಂತ ತಿಳಿಯಿರಿ. ಮನೆಗೆ ತಂದ ಮೇಲೂ ಒಂದೆರಡು ತಿಂಗಳು ಬೇರೆ ಕಟ್ಟಿಗೆ ಸಾಮಾನಿನಿಂದ ದೂರವಿಟ್ಟು, ಕೆಳಗೆ ಕಪ್ಪು ಕಾಗದ ಹಾಸಿಡಿ. ಹಿಟ್ಟು ಬಿದ್ದರೆ ತಾನೇ ಹೇಳುತ್ತದೆ.

ನನಗೆ ನಿಜವಾದ ಹಳೆಯ ಟೀಪಾಯಿ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಲಿಂಗಸುಗೂರಿನಲ್ಲಿರುವ ನನ್ನ ಚಿಗವ್ವನ ಹಿತ್ತಲಲ್ಲಿ. ಮೇಲೊಂದು ನೀರಿನ ಕೊಡ ಹೊತ್ತುಕೊಂಡು ನಿಂತಿತ್ತು ಪಾಪ! ಲಿಂಗಸುಗೂರು ಹಿಂದೆ ಹೈದರಾಬಾದ್ ಕಂಟಿಂಜೆಂಟಿನ ದಂಡು ಇದ್ದ ಊರು. 1905ರವರೆಗೆ ನಿಜಾಮರ ರಾಜ್ಯದ ಒಂದು ಜಿಲ್ಲೆಯೂ ಹೌದು. “ದೊರೆಗಳ ಕಾಲದ್ದು” ಅಂತಾಳೆ ಚಿಗವ್ವ. ಅದಕ್ಕೆ ಕಾಗದಪತ್ರವೇನೂ ಇಲ್ಲ, ನಾನೂ ಕೇಳಲಿಲ್ಲ. ಎತ್ತಲು ಹೋದರೆ ಗುಂಡುಕಲ್ಲಿನಷ್ಟು ಭಾರ. ಮೊಳೆಯಿಲ್ಲದೆ ಒಂದರೊಳಗೊಂದು ಕೂಡಿಸಿದ ಮೂರು ಕಾಲು.

ಮೂರೇ ಕಾಲು ಅಂತ ಮೂಗು ಮುರಿಯಬೇಡಿ. ಟೀಪಾಯಿ ಎಂಬ ಹೆಸರಿಗೂ ನಾವು ಕುಡಿಯುವ ಟೀಗೂ ಸಂಬಂಧವಿಲ್ಲ! ಅದು ಉರ್ದು ಮಂದಿ ಅನ್ನುವ ತಿಪಾಯಿ, ಅಂದರೆ ಮೂರು ಕಾಲಿನದು. ನಮ್ಮ ಮನೆಗಳ ಕಲ್ಲುಹಾಸು ಎಲ್ಲಿ ಸಮನಾಗಿರುತ್ತದೆ ಹೇಳಿ? ನಾಲ್ಕು ಕಾಲಿನದಕ್ಕೆ ಕಾಗದ ಮಡಚಿ ಇಡಬೇಕು. ಮೂರು ಕಾಲಿನದು ಎಲ್ಲಿಟ್ಟರೂ ಅಲುಗದೆ ನಿಲ್ಲುತ್ತದೆ. ಒಂದೇ ಎಚ್ಚರ: ಎರಡು ಕಾಲುಗಳ ನಡುವಿನ ಅಂಚಿಗೆ ಮಕ್ಕಳು ಜೋತುಬಿದ್ದರೆ ಪಲ್ಟಿ ಹೊಡೆಯುತ್ತದೆ. ಅಂಬೆಗಾಲಿಡುವ ಕೂಸಿದ್ದ ಮನೆಯಲ್ಲಿ ಅಷ್ಟು ದಿನ ಗೋಡೆಗೆ ಸರಿಸಿಡಿ.

ಎತ್ತರ ಮಾತ್ರ ನೋಡಿಯೇ ತನ್ನಿ. ಸೋಫಾದ ಕೂರುವ ಮಟ್ಟಕ್ಕೆ ಸಮ, ಇಲ್ಲವೇ ಒಂದೆರಡು ಇಂಚು ತಗ್ಗು ಇರಬೇಕು. ನಡುವೆ ಒಂದೂಕಾಲು ಅಡಿ ಜಾಗ ಬಿಟ್ಟರೆ ಮೊಣಕಾಲು ಬಡಿಯುವುದಿಲ್ಲ.

ಬಸ್ಸಿನಲ್ಲಿ ನನ್ನ ಟಿಕೆಟ್ಟು ಬಿಟ್ಟಿ, ಟೀಪಾಯಿಗೆ ಮಾತ್ರ ಲಗೇಜಿನ ದುಡ್ಡು ಕೊಟ್ಟೆ. ಬಡಿಗೇರರು ಉಜ್ಜಿ, ಅಗಸೆ ಎಣ್ಣೆ ತೆಳ್ಳಗೆ ತಿಕ್ಕಿದರು. ಹೌದ್ರೀ, ನಾವು ಚಟ್ನಿಪುಡಿ ಮಾಡುವ ಅದೇ ಅಗಸೆಯ ಎಣ್ಣೆ. ನೀವೂ ಹಚ್ಚುವುದಾದರೆ ಇದನ್ನು ಮರೆಯಬೇಡಿ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು. ಅದು ಒಣಗುತ್ತಾ ತಾನೇ ಕಾಯ್ದು, ಕಡ್ಡಿ ಗೀರದೆಯೂ ಬೆಂಕಿ ಹತ್ತಬಹುದು. ಹೊರಗೆ ಬಿಡಿಬಿಡಿಯಾಗಿ ಹರವಿ ಒಣಗಿಸಿ. ಅರಗಿನ ಪಾಲಿಶ್ ಇದ್ದ ಟೀಪಾಯಿಯಾದರೆ ಬಿಸಿ ಲೋಟ ನೇರವಾಗಿ ಇಡಬೇಡಿ, ಬೆಳ್ಳಗಿನ ಉಂಗುರ ಕೂತುಬಿಡುತ್ತದೆ. ನಾವು ಹುಡುಗಿಯರಿದ್ದಾಗ ಹೆಣೆದ ಕ್ರೋಶಾ ಮ್ಯಾಟುಗಳು ಟ್ರಂಕಿನಲ್ಲಿ ಯಾಕೆ ಕೊಳೆಯಬೇಕು?

ನಾಲ್ಕು ಸಾವಿರದ ಟೀಪಾಯಿಯನ್ನು ಒಡೆದು ಹಂಡೆಯ ಒಲೆಗೆ ಹಾಕಿದೆವು. ಮೂರು ದಿನದ ಸ್ನಾನಕ್ಕಾಯಿತು. ತೊಟ್ಟಿಲಿನ ಹುಳ ತಿಂದ ಹಲಗೆಯೂ ಅದರ ಜೊತೆಗೇ ಹೋಯಿತು. ಅದರ ಜಾಗಕ್ಕೆ ಬಡಿಗೇರರು ಸಾಗವಾನಿಯ ಚೇಗಿನ ಹಲಗೆ ಕೂಡಿಸಿಕೊಟ್ಟಿದ್ದಾರೆ. ಬಣ್ಣ ಇನ್ನೂ ಹೊಂದಿಲ್ಲ, ಎದ್ದು ಕಾಣುತ್ತದೆ. ಅತ್ತೆಯವರು ಮೊನ್ನೆ ಅದಕ್ಕೆ ತಾವೇ ಎಣ್ಣೆ ತಿಕ್ಕುತ್ತಾ ಕೂತಿದ್ದರು. ಮಗಳು ಬರುವ ತಿಂಗಳು ಬಾಣಂತನಕ್ಕೆ ಬರುತ್ತಾಳೆ.